ಹೆಗಲು ಕೊಟ್ಟವನು

ಮಾವಿನಜಡ್ಡಿ, ಸಿದ್ದಾಪುರ ತಾಲೂಕು
೨೬ ನವೆಂಬರ್ ೨೦೨೩

ಸೀತಿ,

ಈ ಕಾಗದ ತಂದವನು ಅಂಚೆಯವನಲ್ಲ, ನನ್ನ ಮಗ ಸುಭಾಷ. ಮೊದಲು ಅವನಿಗೆ ಊಟ ಹಾಕು, ಆಮೇಲೆ ಓದು. ಬಸ್ಸಿನಲ್ಲಿ ವಾಂತಿಯಾಗುತ್ತದೆಂದು ಹೆದರಿ ಬೆಳಗಿನಿಂದ ಏನೂ ತಿಂದಿರುವುದಿಲ್ಲ. ಇಪ್ಪತ್ತೇಳು ವರ್ಷದ ಗಂಡಸು, ಬಸ್ಸಿಗೆ ಹೆದರುತ್ತಾನೆ.

ಅಡಿಕೆ ಕೊಯ್ಲಿಗೆ ಜನ ಸಿಗದೆ ನಿನ್ನ ಗಂಡ ಹೆಗಡೆಯವರು ಒದ್ದಾಡುತ್ತಿದ್ದಾರೆ ಎಂದು ಬರೆದಿದ್ದೆಯಲ್ಲ. ಇವನು ಆಟೋ ಮಾರಿದ ಮೇಲೆ ಶಿರಸಿಗೆ ಹೋಗಿ ಕಾರ್ಬನ್ ದೋಟಿಯ ತರಬೇತಿ ಮಾಡಿ ಬಂದಿದ್ದಾನೆ. ಆ ಉದ್ದ ಕೋಲು ಹಿಡಿದು ನೆಲದ ಮೇಲೆ ನಿಂತೇ ಮರದ ತುದಿಯ ಅಡಿಕೆ ಗೊನೆಯನ್ನು ಕೊಯ್ದು ಇಳಿಸುತ್ತಾನೆ. ಮರ ಹತ್ತಬೇಕಾಗಿಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನ. ಅವನ ಅಪ್ಪ ಮರದಿಂದ ಬಿದ್ದು ಹೋದದ್ದನ್ನು ನಿನಗೆ ಮತ್ತೆ ಹೇಳಬೇಕೇ?

"ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ ಅವ್ವಾ, ಈ ಕಾಲದಲ್ಲೂ ಕಾಗ್ದ ಬರೀತೆ ನೀನು" ಎಂದು ಇವನು ನಗುತ್ತಾನೆ. ಫೋನಿನಲ್ಲಿ ನಾನು ನಿನಗೆ ಸೀತಮ್ಮ ಎನ್ನಬೇಕು, ನೀವು ಎನ್ನಬೇಕು. ನಿನ್ನ ಹಿಂದೆ ಯಾರೋ ಕೂತಿರುತ್ತಾರೆ, ನನ್ನ ಹಿಂದೆಯೂ ಯಾರೋ. ವಾನಳ್ಳಿಯಲ್ಲಿ ನಿನ್ನ ಅಪ್ಪನ ಮನೆಗೆ ನನ್ನ ಅಪ್ಪ ಜಟ್ಟಪ್ಪ ಕೆಲಸಕ್ಕೆ ಬರುತ್ತಿದ್ದಾಗಲೂ ಹೀಗೇ ಇತ್ತು. ಅಂಗಳದಲ್ಲಿ ನೀನು ಸಣ್ಣಮ್ಮ, ಶಾಲೆಯ ದಾರಿಯಲ್ಲಿ ಸೀತಿ. ಮದುವೆಯಾಗಿ ನೀನು ಯಲ್ಲಾಪುರದ ಕಡೆಗೆ, ನಾನು ಸಿದ್ದಾಪುರದ ಕಡೆಗೆ ಬಂದ ಮೇಲೆ ನನಗೆ ಸೀತಿ ಸಿಗುವುದು ಕಾಗದದಲ್ಲಿ ಮಾತ್ರ. ಇದೆಲ್ಲ ಇವನಿಗೆ ಹೇಗೆ ತಿಳಿಯಬೇಕು?

ಮಗನನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ. ಕೆಲಸ ಮಾಡಿಸು, ಬೇಕಾದರೆ ಕಿವಿ ಹಿಂಡು. ಕುಡಿತದ ಚಟ ಇಲ್ಲ. ಒಂದೇ ಒಂದು ಗುಣ, ಯಾರು ಏನು ಹೇಳಿದರೂ ಹೂಂ ಅನ್ನುತ್ತಾನೆ. ಅದೊಂದನ್ನು ನೋಡಿಕೊ.

ನಿನ್ನ
ಹೊನ್ನಿ


ಕೆಳಗಿನಸರ, ವಜ್ರಳ್ಳಿ, ಯಲ್ಲಾಪುರ ತಾಲೂಕು
೨೨ ಡಿಸೆಂಬರ್ ೨೦೨೩

ಹೊನ್ನೀ,

ನಿನ್ನ ಮಗನನ್ನು ನಾನು ವಾಪಸು ಕಳಿಸುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಅವನು ಬಂದಮೇಲೆ ನಮ್ಮ ಮನೆಯಲ್ಲಿ ನಗು ಕೇಳಿಸುತ್ತಿದೆ. ನಮ್ಮವರು ಕೂಡ ಮೊನ್ನೆ ಸಂಜೆ ಒಮ್ಮೆ ನಕ್ಕರು. ಅವರು ನಕ್ಕರೆ ನಾವೆಲ್ಲ ಕ್ಯಾಲೆಂಡರ್ ನೋಡಬೇಕು.

ಕೆಲಸದಲ್ಲಿ ಎರಡು ಮಾತಿಲ್ಲ. ಅಷ್ಟುದ್ದದ ದೋಟಿಯನ್ನು ನಮ್ಮ ಮನೆಯ ಕಸಬರಿಗೆಯ ಹಾಗೆ ಆಡಿಸುತ್ತಾನೆ. ಮೊಮ್ಮಗಳು ಅಭಿಜ್ಞಾ ಶಾಲೆ ಬಿಟ್ಟು ಬಂದವಳು ಚೀಲ ಎಸೆದು ಅವನ ಹಿಂದೆ ಓಡುತ್ತಾಳೆ. ಅವಳಿಗೊಂದು ಅಡಿಕೆ ಹಾಳೆಯ ಟೊಪ್ಪಿ ಮಾಡಿಕೊಟ್ಟಿದ್ದಾನೆ. ಮಲಗುವಾಗಲೂ ಅದು ತಲೆಯ ಮೇಲೇ ಇರಬೇಕು.

ಅವಲಕ್ಕಿಗೆ ಮೊಸರು ಹಾಕಿ, ಮೇಲೆ ಮಾವಿನ ಮಿಡಿ ಇಟ್ಟರೆ ಅವನಿಗೆ ಜಗತ್ತೇ ಬೇಡ. ಬಡಿಸುವುದು ಜಗಲಿಯಲ್ಲೇ. ಒಳಗೆ ಯಾಕೆ ಕರೆಯಲಿಲ್ಲ ಎಂದು ನೀನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೂ ಬಾಗಿ ಬಡಿಸುವಾಗ ಅವನ ಹಣೆ ಥೇಟ್ ನಿನ್ನ ಹಣೆ, ನನಗೆ ಹೇಗೋ ಆಗುತ್ತದೆ.

ತಂಗಿ ಕಾವ್ಯಶ್ರೀಯ ಕೂಸಿಗೆ ಹೆಸರಿಡುವುದಕ್ಕೆ ಜನವರಿಯಲ್ಲಿ ಊರಿಗೆ ಹೋಗಬೇಕು ಎನ್ನುತ್ತಿದ್ದಾನೆ. ಕಳಿಸುತ್ತೇನೆ, ಆದರೆ ನೀನು ಬೇಗ ತಿರುಗಿ ಕಳಿಸಬೇಕು. ಮೆಣಸು ಕೊಯ್ಯುವುದಿದೆ.

ನಿನ್ನ
ಸೀತಾ


ಮಾವಿನಜಡ್ಡಿ
೧೫ ಜನವರಿ ೨೦೨೪

ಸೀತಿ,

ಸುಭಾಷ ಸದ್ಯಕ್ಕೆ ಬರುವುದಿಲ್ಲ ಎಂದು ಹೆಗಡೆಯವರಿಗೆ ಹೇಳಿಬಿಡು. ಮಲಗಿದ್ದಾನೆ. ಜ್ವರ ಎಂದರೆ ಅಂತಿಂಥ ಜ್ವರವಲ್ಲ, ಪಕ್ಕದಲ್ಲಿ ಕೂತರೆ ಒಲೆಯ ಮುಂದೆ ಕೂತ ಹಾಗೆ. "ತಲೆ ಒಡ್ದೋಗ್ತದೆ ಅವ್ವಾ, ಕಣ್ಣು ಬಿಡೂಕೆ ಆಗೂದಿಲ್ಲ" ಎನ್ನುತ್ತಾನೆ. ಕಣ್ಣು ಕೆಂಡದಂತೆ ಕೆಂಪಾಗಿದೆ.

ಕೂಸಿಗೆ ಹೆಸರಿಟ್ಟ ದಿನ ಎಷ್ಟು ಚೆನ್ನಾಗಿದ್ದ. ಪ್ರಥಮ ಎಂದು ಇಟ್ಟರು. ಅದನ್ನು ಎತ್ತಿಕೊಂಡು ಇಳಿಸಲೇ ಇಲ್ಲ. ಮರುದಿನ ಕೊಟ್ಟಿಗೆಗೆ ಹಾಸಲು ದರಕು ಇಲ್ಲವೆಂದು ನಾನೇ ಅವನನ್ನು ಕಾಡಿಗೆ ಕಳಿಸಿದೆ. ಒಣಗಿದ ಎಲೆ ಗುಡಿಸಿ ಎರಡು ಹೊರೆ ತಂದು ಹಾಕಿದ. ಅದರ ಮರುದಿನ ಚಳಿ ಹಿಡಿಯಿತು.

ಆಶಾ ಕಾರ್ಯಕರ್ತೆ ಬಂದು ನೋಡಿದವಳೇ ಮುಖ ಸಣ್ಣ ಮಾಡಿಕೊಂಡಳು. ರಕ್ತ ತೆಗೆದು ಕಳಿಸಿದ್ದಾರೆ. ಮಂಗನ ಕಾಯಿಲೆ ಇರಬಹುದಂತೆ. ಕಾಡಿನಲ್ಲಿ ರಕ್ತ ಹೀರುವ ಉಣುಗು ಕಚ್ಚಿ ಬರುವ ರೋಗ, ನಮ್ಮ ತಾಲೂಕಿನಲ್ಲಿ ಮನೆಮನೆಗೂ ಇದರ ಹೆಸರು ಗೊತ್ತು. ನಾಳೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ನಿನ್ನ ದೇವರ ಮುಂದೆ ಒಂದು ದೀಪ ಇಡು. ನಿನ್ನ ದೇವರು ಬೇಗ ಕೇಳುತ್ತಾನೇನೋ.

ಹೊನ್ನಿ


ಮಾವಿನಜಡ್ಡಿ
೩೦ ಜನವರಿ ೨೦೨೪

ಸೀತಮ್ಮನವರಿಗೆ ಕಾವ್ಯಶ್ರೀ ಮಾಡುವ ನಮಸ್ಕಾರಗಳು.

ಅಣ್ಣ ಶನಿವಾರ ಆಸ್ಪತ್ರೆಯಲ್ಲಿ ತೀರಿಕೊಂಡ. ಕಡೆಕಡೆಗೆ ಮೂಗು, ವಸಡುಗಳಿಂದ ರಕ್ತ ಬರುತ್ತಿತ್ತು. ಅವ್ವನಿಗೆ ಪೆನ್ನು ಹಿಡಿಯಲು ಆಗುತ್ತಿಲ್ಲ. ಸೀತಮ್ಮನಿಗೆ ಮೊದಲು ತಿಳಿಸು ಎಂದು ಹೇಳಿದಳು, ಅದಕ್ಕೆ ಬರೆದಿದ್ದೇನೆ. ಅವನ ಒಂದು ಜೊತೆ ಬಟ್ಟೆ ನಿಮ್ಮಲ್ಲೇ ಉಳಿದಿದೆ. ಅವ್ವ ಅದನ್ನು ಕೇಳಿದ್ದಾಳೆ. ಒಗೆಯಬೇಡಿರಂತೆ.

ಇತಿ ನಮಸ್ಕಾರಗಳು
ಕಾವ್ಯಶ್ರೀ


ಕೆಳಗಿನಸರ
೪ ಫೆಬ್ರವರಿ ೨೦೨೪
(ಅಂಚೆಗೆ ಹಾಕಲಿಲ್ಲ)

ಹೊನ್ನಿ,

ಇದನ್ನು ಬರೆದು ನಿನಗೆ ಕಳಿಸುವ ಧೈರ್ಯ ನನಗೆ ಇದೆಯೋ ಇಲ್ಲವೋ ಗೊತ್ತಿಲ್ಲ. ಬರೆಯುತ್ತೇನೆ.

ಸುಭಾಷ ಊರಿಗೆ ಹೊರಡುವ ಹಿಂದಿನ ವಾರ ನಮ್ಮ ಮನೆಯ ಹಿಂದಿನ ಮತ್ತಿ ಮರದ ಬುಡದಲ್ಲಿ ಒಂದು ದೊಡ್ಡ ಮಂಗ ಸತ್ತು ಬಿದ್ದಿತ್ತು. ಮಂಗ ಸತ್ತರೆ ಮುಟ್ಟಬೇಡಿ, ತಿಳಿಸಿ ಎಂದು ಆರೋಗ್ಯ ಇಲಾಖೆಯ ಜೀಪು ಮೈಕಿನಲ್ಲಿ ಕೂಗಿಕೊಂಡು ಹೋಗಿತ್ತು. ನಾವೆಲ್ಲ ಕೇಳಿದ್ದೆವು. ನಾನು ನಮ್ಮವರಿಗೆ ನೆನಪು ಮಾಡಿದೆ. "ಅವ್ರಿಗೆ ಹೇಳಿರೆ ಹೊಟ್ಟೆ ಕೊಯ್ದು, ಸೀಮೆಎಣ್ಣೆ ಹೊಯ್ದು ಸುಡ್ತ. ನಮ್ಮನೆ ಬುಡಕ್ಕೆ ಬಂದು ಪ್ರಾಣ ಬಿಟ್ಟ ಹನುಮಂತಂಗೆ ಹಂಗೆ ಮಾಡದನೇ?" ಎಂದರು. ನನಗೂ ಹಾಗೆ ಮಾಡಿಸುವುದು ಬೇಡವಾಗಿತ್ತು, ಅದನ್ನೇಕೆ ಮುಚ್ಚಿಡಲಿ.

ಮನುಷ್ಯರಿಗೆ ಮಾಡುವಂತೆಯೇ ಎಲ್ಲ ಮಾಡಿದೆವು. ನೀರು ಹಾಕಿ, ಹೊಸ ಪಂಚೆ ಹೊದಿಸಿ, ಹೂವು ಹಾಕಿ. ಕೇರಿಯವರೆಲ್ಲ ಸೇರಿದ್ದರು. ಹೊತ್ತುಕೊಂಡು ಹೋಗುವುದು ಯಾರು ಎಂಬ ಮಾತು ಬಂದಾಗ ನಮ್ಮ ಜನರೆಲ್ಲ ಮಂತ್ರ ಹೇಳುವವರು, ಮಡಿಯಲ್ಲಿ ದೂರ ನಿಂತವರು. ಸುಭಾಷನನ್ನು ಕರೆದರು. ಅವನು ಹೂಂ ಎಂದ. ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿ ಹೆಗಲಿಗೆ ಹಾಕಿಕೊಂಡ. ಗುಂಡಿ ತೋಡಿದವನೂ ಮಣ್ಣು ಎಳೆದವನೂ ಅವನೇ. ಸತ್ತ ಪ್ರಾಣಿಯ ಮೈ ತಣ್ಣಗಾಗುತ್ತಲೇ ಉಣುಗುಗಳು ಅದನ್ನು ಬಿಟ್ಟು ಬಿಸಿ ಇರುವ ಮೈಗೆ ಹತ್ತುತ್ತವಂತೆ. ಇದನ್ನು ಆಶಾ ಕಾರ್ಯಕರ್ತೆಯಿಂದ ನಿನ್ನೆ ಕೇಳಿದೆ. ಯಾಕೆ ಕೇಳಿದೆನೆಂದು ಅವಳಿಗೆ ಹೇಳಲಿಲ್ಲ.

ಕಾವ್ಯಶ್ರೀಯ ಕಾಗದ ಬಂದ ದಿನ ನಮ್ಮವರು ಬಾಗಿಲು ಮುಚ್ಚಿ ಹೇಳಿದರು. "ಅಂವ ಅವ್ನ ಊರಲ್ಲಿ ದರಕಿಗೆ ಹೋಗಿ ಹಚ್ಚಗಂಡಿದ್ದು. ನಮ್ಗೂ ಅದ್ಕೂ ಸಂಬಂಧ ಇಲ್ಲೆ. ನೀ ಎಂತದೂ ಬರೆಯಡ."

ಸಂಬಂಧ ಇಲ್ಲದಿರಲೂಬಹುದು. ಇದ್ದರೆ? ನೀನು ದರಕಿಗೆ ಕಳಿಸಿದ್ದೇ ಕಾರಣ ಎಂದು ನಂಬಿ ಕೂತಿದ್ದೀಯ. ಅದು ನಿನ್ನ ತಪ್ಪಲ್ಲ ಎಂದು ಹೇಳಬಲ್ಲವಳು ನಾನೊಬ್ಬಳೇ. ಹೇಳಿದರೆ ನೀನು ಮತ್ತೆಂದೂ ನನಗೆ ಬರೆಯುವುದಿಲ್ಲ. ನನಗೆ ಈ ಮನೆಯಲ್ಲಿ ಗಂಡನಿದ್ದಾರೆ, ಮಗನಿದ್ದಾನೆ, ಸೊಸೆ, ಮೊಮ್ಮಗಳು ಇದ್ದಾರೆ. ನನ್ನನ್ನು ಸೀತಿ ಎನ್ನುವವರು ನಿನ್ನ ಬಿಟ್ಟರೆ ಯಾರೂ ಇಲ್ಲ.

ಸೀತಾ


ಕೆಳಗಿನಸರ
೫ ಫೆಬ್ರವರಿ ೨೦೨೪

ಹೊನ್ನಿ,

ಏನು ಬರೆಯಲಿ? ದೇವರು ಕಣ್ಣು ಮುಚ್ಚಿಕೊಂಡ. ಅವನ ಬಟ್ಟೆ ಕಳಿಸಿದ್ದೇನೆ, ಒಗೆದಿಲ್ಲ. ನೀನು ಹೊತ್ತು ಹೊತ್ತಿಗೆ ಊಟ ಮಾಡು.

ಸೀತಾ


ಮಾವಿನಜಡ್ಡಿ
೨ ಮಾರ್ಚ್ ೨೦೨೪

ಸೀತಾ,

ಬಟ್ಟೆ ಬಂತು. ಅಂಗಿಯಲ್ಲಿ ಅಡಿಕೆಯ ಚೊಗರಿನ ಕಲೆ ಇದೆ. ರಾತ್ರಿ ಅದನ್ನು ದಿಂಬಿಗೆ ಹಾಕಿಕೊಂಡು ಮಲಗುತ್ತೇನೆ. ಕಾವ್ಯಶ್ರೀ ಬೇಡ ಎನ್ನುತ್ತಾಳೆ. ಅವಳಿಗೆ ಕೂಸಿದೆ, ಅವಳು ಹಾಗೆ ಹೇಳಬಹುದು.

ದರಕಿಗೆ ಕಳಿಸಿದವಳು ನಾನೇ ಎಂದು ಊರಿಗೆಲ್ಲ ಗೊತ್ತು. ಇಲಾಖೆಯವರು ಎಣ್ಣೆ ಕೊಟ್ಟಿದ್ದರು ಸೀತಾ, ಉಣುಗು ಹತ್ತದಿರಲಿ ಎಂದು ಕಾಡಿಗೆ ಹೋಗುವಾಗ ಕೈಕಾಲಿಗೆ ಹಚ್ಚಿಕೊಳ್ಳಲು. ಬಾಟಲಿ ಮಾಡಿನಲ್ಲಿ ಸಿಕ್ಕಿಸಿಯೇ ಇತ್ತು. ಅವನು ಹಚ್ಚಿಕೊಂಡನೋ ಇಲ್ಲವೋ ನಾನು ನೋಡಲಿಲ್ಲ. ಮೈದುನನ ಹೆಂಡತಿ ಬಾವಿಕಟ್ಟೆಯಲ್ಲಿ ಎಲ್ಲರೆದುರು ಅಂದಳು, "ತಾಯಿಯೇ ಕಾಡಿಗಟ್ಟಿ ಕೊಂದ್ಲು" ಎಂದು. ಕೊಡ ತುಂಬಿಸಿಕೊಂಡು ಬಂದೆ.

ಸೀತಾ, ನಿನ್ನ ಮನೆಯಲ್ಲಿ ಅವನು ಒಂದು ತಿಂಗಳ ಮೇಲೆ ಇದ್ದ. ಕೊನೆಯ ಒಳ್ಳೆಯ ದಿನಗಳನ್ನು ಕಳೆದದ್ದು ಅಲ್ಲಿಯೇ. ಏನು ತಿಂದ, ಏನು ಆಡಿದ, ಯಾವ ಕೆಲಸ ಮಾಡಿದ, ಎಲ್ಲವನ್ನೂ ಬರೆ. ಏನನ್ನೂ ಬಿಡಬೇಡ. ನನಗೆ ಎಲ್ಲವೂ ಬೇಕು.

ಹೊನ್ನಿ


ಕೆಳಗಿನಸರ
೧೪ ಮಾರ್ಚ್ ೨೦೨೪

ಹೊನ್ನಿ,

ಕೇಳಿದೆಯೆಂದು ಬರೆಯುತ್ತಿದ್ದೇನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುತ್ತಿದ್ದ. ದನಕ್ಕೆ ಅವನೇ ಅಕ್ಕಚ್ಚು ಇಡುತ್ತಿದ್ದ, ಯಾರೂ ಹೇಳಿರಲಿಲ್ಲ. ಅಭಿಜ್ಞಾಳಿಗೆ ಸಿಳ್ಳೆ ಹೊಡೆಯಲು ಕಲಿಸಿದ, ಅದಕ್ಕೆ ಅವಳ ತಾಯಿ, ನಮ್ಮ ಸೊಸೆ ಸ್ಫೂರ್ತಿಯ ಕೈಲಿ ಬೈಗುಳ ತಿಂದ. ಫೋನಿನಲ್ಲಿ ಯಕ್ಷಗಾನ ಹಾಕಿಕೊಂಡು ಅಡಿಕೆ ಬೇಯಿಸುವ ಒಲೆಯ ಮುಂದೆ ಕೂರುತ್ತಿದ್ದ. ಬಾಳೆಕಾಯಿ ಹುಳಿ ಸೇರುತ್ತಿರಲಿಲ್ಲ, ಆದರೂ ಹಾಕಿದ್ದನ್ನು ಬಿಡುತ್ತಿರಲಿಲ್ಲ. ಹೊರಡುವ ದಿನ ನನ್ನ ಕಾಲು ಮುಟ್ಟಲು ಬಂದು, ಮುಟ್ಟಬಹುದೋ ಬಾರದೋ ಎಂದು ತಡೆದು ನಿಂತ. ನಾನು ತಲೆಯ ಮೇಲೆ ಕೈಯಿಟ್ಟೆ.

ಇಷ್ಟು ನೆನಪಿದೆ. ಇಲ್ಲಿ ಸೆಖೆ ಜೋರಾಗಿದೆ. ನಿನ್ನ ಆರೋಗ್ಯ ನೋಡಿಕೊ. ಬಾಯಿಗೆ ಬಂದಂತೆ ಆಡುವವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಸೀತಾ


ಮಾವಿನಜಡ್ಡಿ
೨೪ ಮಾರ್ಚ್ ೨೦೨೪

ಸೀತಾ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಇಷ್ಟೇ ಏನು? ಇನ್ನೇನೂ ಇಲ್ಲವೇ?

ಹೊನ್ನಿ


ಕೆಳಗಿನಸರ
೬ ಏಪ್ರಿಲ್ ೨೦೨೪

ಹೊನ್ನಿ,

ಇದೆ.

ಇದನ್ನು ಫೆಬ್ರವರಿಯಲ್ಲೇ ಬರೆದಿದ್ದೆ, ಕಳಿಸಲಿಲ್ಲ. ಆ ಕಾಗದವನ್ನೂ ಇದರ ಜೊತೆಗೇ ಇಟ್ಟಿದ್ದೇನೆ, ಮೊದಲು ಅದನ್ನು ಓದು. ನಾನು ಏನನ್ನು ಮುಚ್ಚಿಟ್ಟೆ ಎಂಬುದು ಅದರಲ್ಲಿದೆ. ಅದಾದಮೇಲೆ ಏನೇನಾಯಿತು ಎಂಬುದು ಇದರಲ್ಲಿದೆ.

ಮಂಗನನ್ನು ಹುಗಿದ ಜಾಗದಲ್ಲಿ ಕೇರಿಯವರು ಒಂದು ಕಲ್ಲಿನ ಕಟ್ಟೆ ಕಟ್ಟಿದರು. ಶನಿವಾರ ದೀಪ ಇಡಲು ಶುರುವಾಯಿತು. ಮಕ್ಕಳ ಪರೀಕ್ಷೆಗೆ ಎಂದು ಹರಕೆ ಹೊತ್ತುಕೊಂಡರು. ಈಗ ಪಕ್ಕದ ಕೇರಿಯಿಂದಲೂ ಬರುತ್ತಾರೆ. ಇದನ್ನೆಲ್ಲ ನಿಲ್ಲಿಸುವ ಬಾಯಿ ನನಗೆ ಎಲ್ಲಿಂದ ಬರಬೇಕು? ಅಭಿಜ್ಞಾ ದಿನಾ ದಾಸವಾಳ ಕೊಯ್ದುಕೊಂಡು ಅಲ್ಲಿಗೆ ಓಡುತ್ತಿದ್ದಳು. ಸುಭಾಷ ಹೋದ ಸುದ್ದಿ ಬಂದ ದಿನವೇ ಅವಳ ಕೈ ಹಿಡಿದು ನಿಲ್ಲಿಸಿದೆ. "ಅಲ್ಲಿ ದೊಡ್ಡ ಹಾವಿದ್ದು ಕೂಸೆ, ಹೋಗಡ" ಎಂದು ಹೆದರಿಸಿದೆ. ಅವಳು ಆಮೇಲೆ ಆ ಕಡೆ ತಲೆ ಹಾಕಿಲ್ಲ.

ಆ ಕಟ್ಟೆಯ ಸುತ್ತ ಗುಡಿಸುವುದು, ಸೊಪ್ಪು ಸವರುವುದು ಮಂಜಪ್ಪನ ಕೆಲಸ. ನಮ್ಮ ತೋಟಕ್ಕೆ ಬರುವವನು, ವಯಸ್ಸಾದವನು, ನಮ್ಮವರೇ ಹೇಳಿದ್ದರು. ಅವನು ಬರಿಗಾಲಿನಲ್ಲಿ ಗುಡಿಸುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಹಾವಿದೆ ಎಂದು ಅವನಿಗೆ ಹೇಳಲಿಲ್ಲ.

ಮಂಜಪ್ಪ ಈಗ ಜ್ವರ ಬಂದು ಮಲಗಿದ್ದಾನೆ. ಅವನ ಕಣ್ಣು ನೋಡಿ ಬಂದೆ. ನೀನು ಬರೆದ ಹಾಗೆಯೇ ಇವೆ. ನಮ್ಮವರು ಮತ್ತೆ ಅದನ್ನೇ ಹೇಳುತ್ತಿದ್ದಾರೆ, ಅವನೂ ಕಾಡಿಗೆ ಹೋಗಿದ್ದ ಎಂದು.

ನಿನ್ನ ಮಗನನ್ನು ನನ್ನ ಕೈಗೆ ಒಪ್ಪಿಸಿದ್ದೆ. ನನ್ನ ಅಂಗಳದಲ್ಲಿ, ನನ್ನ ಕಣ್ಣೆದುರು ಅವನ ಹೆಗಲಿಗೆ ಅದನ್ನು ಹಾಕಿದರು. ನಾನು ಬೇಡ ಎನ್ನಲಿಲ್ಲ. ನೀನು ದರಕಿಗೆ ಕಳಿಸಿದ್ದರಿಂದ ಅವನು ಹೋಗಲಿಲ್ಲ ಹೊನ್ನಿ. ಇದನ್ನು ಮೊದಲೇ ಹೇಳಿದ್ದರೆ ಬಾವಿಕಟ್ಟೆಯಲ್ಲಿ ಆ ಮಾತು ಕೇಳುವುದು ನಿನಗೆ ತಪ್ಪುತ್ತಿತ್ತು.

ಸೀತಾ


ಮಾವಿನಜಡ್ಡಿ
೧೨ ಏಪ್ರಿಲ್ ೨೦೨೪

ಸೀತಾ,

ನನಗೆ ಗೊತ್ತಿತ್ತು.

ಊರಿಗೆ ಬಂದ ಸಂಜೆಯೇ ಅವನು ಹೇಳಿದ್ದ. ಚೀಲ ಕೂಡ ಇಳಿಸಿರಲಿಲ್ಲ. "ಅವ್ವಾ, ಹನುಮಪ್ಪನ್ನ ಇದೇ ಹೆಗಲ ಮೇಲೆ ಹೊತ್ಕಂಡು ಹೋದೆ. ಹೆಗಡೇರು ಅವ್ರ ಕೈಯಾರೆ ನನ್ನ ಹಣೆಗೆ ಕುಂಕುಮ ಇಟ್ರು. ಮುಟ್ಟಿ ಇಟ್ರು ಅವ್ವಾ" ಎಂದ. ಎಷ್ಟು ಹೆಮ್ಮೆ ಅವನಿಗೆ! ಹೆಮ್ಮೆ ನನಗೂ ಆಯಿತು, ಸುಳ್ಳೇಕೆ ಹೇಳಲಿ? ಅವನ ಹೆಗಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, ಕಾಡಿಗೆ ಹೋಗಿದ್ದನೇ, ಸತ್ತ ಮಂಗದ ಹತ್ತಿರ ಹೋಗಿದ್ದನೇ ಎಂದು. ದರಕಿಗೆ ಹೋಗಿದ್ದ ಎಂದೆ. ಎರಡನೆಯದಕ್ಕೆ ಇಲ್ಲ ಎಂದೆ. ಕಚ್ಚಿದ ಮರುದಿನವೇ ಜ್ವರ ಬರುವುದಿಲ್ಲ, ಕೆಲವು ದಿನ ಬೇಕು ಎಂದು ಆಶಾ ಕಾರ್ಯಕರ್ತೆ ನನ್ನೆದುರೇ ಹೇಳಿದ್ದಳು. ದರಕಲ್ಲ ಎಂದು ನನಗೆ ಅವತ್ತೇ ತಿಳಿಯಿತು. ಆದರೂ ಸತ್ಯ ಹೇಳಿದರೆ ಪೊಲೀಸರು, ಇಲಾಖೆಯವರು ನಿನ್ನ ಮನೆಗೆ ಬರುತ್ತಾರೆ, ಹೆಗಡೆಯವರ ಹೆಸರು ಪೇಪರಿನಲ್ಲಿ ಬರುತ್ತದೆ, ನಿನಗೆ ಆ ಮನೆಯಲ್ಲಿ ಬಾಳುವುದು ಕಷ್ಟ ಎಂದು ಬಾಯಿ ಕಟ್ಟಿಕೊಂಡೆ. ಮಗ ಮಂಚದ ಮೇಲೆ ನರಳುತ್ತಿರುವಾಗ ನಾನು ನಿನ್ನ ಮಾನದ ಲೆಕ್ಕ ಹಾಕುತ್ತಿದ್ದೆ ನೋಡು.

ಕಾಡಿಗಟ್ಟಿ ಕೊಂದಳು ಎಂದಾಗಲೂ ಸುಮ್ಮನೆ ಕೇಳಿಸಿಕೊಂಡೆ. ನಿನಗಾಗಿ ಕೇಳಿಸಿಕೊಂಡೆ. ಸೀತಿ ಬರೆಯುತ್ತಾಳೆ, ತಪ್ಪು ನಿನ್ನದಲ್ಲ ಹೊನ್ನಿ ಎಂದು ಒಂದು ಸಾಲು ಬರೆದೇ ಬರೆಯುತ್ತಾಳೆ ಎಂದು ಕಾದೆ. ಅದಕ್ಕೇ ಎಲ್ಲವನ್ನೂ ಬರೆ, ಏನನ್ನೂ ಬಿಡಬೇಡ ಎಂದು ಕೇಳಿದ್ದು. ನೀನು ಸಿಳ್ಳೆಯ ಸುದ್ದಿ ಬರೆದೆ. ಹುಳಿಯ ಸುದ್ದಿ ಬರೆದೆ.

ಮಗ ಹೋದದ್ದಕ್ಕೆ ನಿನ್ನನ್ನೊಬ್ಬಳನ್ನೇ ದೂರುವುದಿಲ್ಲ. ಹನುಮಪ್ಪನನ್ನು ಸುಡಲು ಕೊಡಬೇಕಿತ್ತು ಎಂದು ನಾನಾದರೂ ಹೇಳುತ್ತಿದ್ದೆನೇ? ನಾನೂ ಹೇಳುತ್ತಿರಲಿಲ್ಲ. ಆದರೆ ಮಂಜಪ್ಪ? ಮೊಮ್ಮಗಳಿಗೆ ಹಾವಿದೆ ಎಂದೆಯಲ್ಲ, ಅದೇ ಸುಳ್ಳನ್ನು ಅವನಿಗೂ ಹೇಳಬಾರದಿತ್ತೇ? ನೀನು ಮುಚ್ಚಿಟ್ಟೆ, ನಾನೂ ಮುಚ್ಚಿಟ್ಟೆ. ನಾವಿಬ್ಬರೂ ಸೇರಿ ಆ ಮುದುಕನನ್ನು ಮಲಗಿಸಿದೆವು.

ಈಗ ಎದ್ದು ನಿಲ್ಲು. ಇಷ್ಟು ವರ್ಷ ನಾವು ಎಲ್ಲವನ್ನೂ ಕಾಗದದಲ್ಲೇ ಮಾಡಿದೆವು, ಅದು ಸಾಕು. ನಿನ್ನ ಅಂಗಳದಲ್ಲಿ ನಿಂತು, ಎಲ್ಲರೆದುರು, ಬಾಯಿ ಬಿಟ್ಟು ಹೇಳು. ಮಂಜಪ್ಪನಿಗೆ ಔಷಧ ಮಾಡುವವರಿಗೆ ಕಾರಣ ತಿಳಿಯಲಿ, ಆ ಕಟ್ಟೆಯ ಹತ್ತಿರ ಇನ್ನೊಬ್ಬರ ಮಗ ಹೋಗದಿರಲಿ. ನಾಳೆ ನಾನೂ ಸಿದ್ದಾಪುರಕ್ಕೆ ಹೋಗಿ ಡಾಕ್ಟರಿಗೆ ಹೇಳಿದ ಸುಳ್ಳನ್ನು ತಿದ್ದಿ ಬರುತ್ತೇನೆ. ಹೇಳುವವರೆಗೆ ನನಗೆ ಬರೆಯಬೇಡ.

ಹೊನ್ನಿ


ಕೆಳಗಿನಸರ
೨೩ ಏಪ್ರಿಲ್ ೨೦೨೪

ಹೊನ್ನಿ,

ಹೇಳಿದೆ.

ನಿನ್ನ ಕಾಗದ ಬಂದ ದಿನವೇ ಹೇಳಲಾಗಲಿಲ್ಲ. ಎರಡು ದಿನ ತುಟಿ ಕಚ್ಚಿಕೊಂಡು ತಿರುಗಿದೆ. ಮಂಜಪ್ಪನ ರಕ್ತದಲ್ಲಿ ಕಾಯಿಲೆ ಇದೆ ಎಂದು ಗೊತ್ತಾಗಿ ಇಲಾಖೆಯವರು ಜೀಪಿನಲ್ಲಿ ಬಂದರು. ನಮ್ಮ ಅಂಗಳದಲ್ಲೇ ಕೇರಿಯವರನ್ನೆಲ್ಲ ಸೇರಿಸಿ, ಇಲ್ಲಿ ಎಲ್ಲಾದರೂ ಮಂಗ ಸತ್ತಿತ್ತೇ ಎಂದು ಕೇಳಿದರು. ಎಲ್ಲರೂ ನೆಲ ನೋಡುತ್ತಿದ್ದರು. ನಮ್ಮವರು ಮಾತ್ರ ತಲೆಯೆತ್ತಿ, "ಇಲ್ಲ, ಮಂಜಪ್ಪ ಕಾಡಿಗೆ ಹೋಗ್ತಿದ್ದ" ಎಂದರು.

ನಾನು ಒಳಗಿನಿಂದ ಬಂದು ಜಗಲಿಯ ಮೆಟ್ಟಿಲು ಇಳಿದೆ. "ಸತ್ತಿತ್ತು. ಅಲ್ಲಿ ಕಟ್ಟೆ ಕಾಣ್ತಲ್ಲ, ಅದ್ರ ಕೆಳಗೆ ಹುಗಿದದ್ದು. ಹೊತ್ತುಕೊಂಡು ಹೋದ ಹುಡುಗ ಜನವರಿಯಲ್ಲಿ ಹೋಗಿಬಿಟ್ಟ" ಎಂದೆ. ಯಾವ ಹುಡುಗ ಎಂದು ಅಧಿಕಾರಿ ಕೇಳಿದ. ನಿನ್ನ ಮಗನ ಹೆಸರು ಹೇಳಿದೆ. ನಿಮ್ಮ ಆಳೇ ಎಂದು ಕೇಳಿದ. "ಅಲ್ಲ, ನನ್ನ ಗೆಳತಿಯ ಮಗ" ಎಂದೆ. ಯಾರೆದುರೂ ನಿನ್ನನ್ನು ಗೆಳತಿ ಎಂದು ನಾನು ಹೇಳಿದ್ದು ಅದೇ ಮೊದಲು ಹೊನ್ನಿ. ಅದೂ ಇಂಥ ದಿನ.

ಕಟ್ಟೆಯ ಸುತ್ತ ಒಂದು ಬಿಳಿ ಬಟ್ಟೆಯನ್ನು ನೆಲದ ಮೇಲೆ ಎಳೆದರು. ಎತ್ತಿ ತೋರಿಸಿದಾಗ ಎಳ್ಳು ಚೆಲ್ಲಿದ ಹಾಗೆ ಉಣುಗು ಅಂಟಿಕೊಂಡಿತ್ತು. ಅವುಗಳಲ್ಲಿ ಕಾಯಿಲೆ ಇದೆಯೋ ಎಂದು ನೋಡಲು ಸೀಸೆಯಲ್ಲಿ ತುಂಬಿಕೊಂಡು ಹೋದರು. ಸುತ್ತಲೂ ಪುಡಿ ಹಾಕಿ ಬೇಲಿ ಕಟ್ಟಿದ್ದಾರೆ. ಇನ್ನು ದೀಪ ಇಡುವಂತಿಲ್ಲ. ಕೇರಿಯ ಹೆಂಗಸರು ನನ್ನ ಕಂಡರೆ ಮುಖ ತಿರುಗಿಸುತ್ತಾರೆ, ದೇವರ ಜಾಗಕ್ಕೆ ವಿಷ ಹಾಕಿಸಿದವಳು ಎಂದು. ಮಂಜಪ್ಪ ಬದುಕಿದ್ದಾನೆ. ಆದರೆ ಅವನ ಕೈ ನಡುಗುವುದು ನಿಂತಿಲ್ಲ, ಅನ್ನ ಕಲಸಲು ಆಗುವುದಿಲ್ಲ, ಮಗಳು ತಿನ್ನಿಸುತ್ತಾಳೆ. ಹೋಗಿ ಅವನಿಗೂ ಹೇಳಿದೆ. ಗೋಡೆಯ ಕಡೆ ತಿರುಗಿ ಮಲಗಿಕೊಂಡ.

ನಮ್ಮವರು ಅವತ್ತಿನಿಂದ ನನ್ನೊಡನೆ ಮಾತಾಡಿಲ್ಲ. ನಿನ್ನೆ ಮಾತ್ರ ಊಟದ ನಡುವೆ ಕೈ ನಿಲ್ಲಿಸಿ, "ಆ ಹುಡ್ಗಂಗೆ ಎಷ್ಟು ವರ್ಷ ಆಗಿತ್ತೇ?" ಎಂದು ಕೇಳಿದರು. ಹೇಳಿದೆ. ಎದ್ದು ಕೈ ತೊಳೆದುಕೊಂಡುಬಿಟ್ಟರು.

ನಾನು ನಿನ್ನಲ್ಲಿಗೆ ಬರಬೇಕು ಎಂದಿದ್ದೇನೆ. ಇಷ್ಟು ವರ್ಷದಲ್ಲಿ ನಿನ್ನ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದೂ ನನಗೆ ಗೊತ್ತಿಲ್ಲ. ನೀನು ಎಷ್ಟು ಸಲ ಕರೆದಿದ್ದೆ, ನಾನು ಪ್ರತಿ ಸಲ ಒಂದು ನೆಪ ಹೇಳಿದೆ. ಯಾಕೆಂದು ನಿನಗೂ ಗೊತ್ತಿತ್ತು. ಬೇಡ ಎಂದು ನೀನು ಬರೆದರೆ ಬರುವುದಿಲ್ಲ. ಏನೂ ಬರೆಯದಿದ್ದರೂ ಬರುವುದಿಲ್ಲ.

ಸೀತಾ


ಮಾವಿನಜಡ್ಡಿ
೧೯ ಮೇ ೨೦೨೪

ಸೀತಾ,

ಬಾ. ಸಿದ್ದಾಪುರದಲ್ಲಿ ಇಳಿದು ಕಾವ್ಯಶ್ರೀಗೆ ಫೋನು ಮಾಡು, ಅವಳು ರಸ್ತೆಯವರೆಗೆ ಬರುತ್ತಾಳೆ. ಅನ್ನ ನಾನೇ ಮಾಡಿ ಬಡಿಸುತ್ತೇನೆ, ಉಣ್ಣುವುದಾದರೆ ಮಾತ್ರ ಬಾ.

ಕ್ಷಮಿಸಿದ್ದೇನೆ ಎಂದು ತಿಳಿದು ಬರಬೇಡ. ಒಂದು ತಿಂಗಳಿಂದ ನಿನಗೆ ಬರೆಯಲು ಕೂರುತ್ತಿದ್ದೇನೆ, ಆಗುತ್ತಿಲ್ಲ. ಹೊಟ್ಟೆಯಲ್ಲಿರುವುದು ಕಾಗದಕ್ಕೆ ಇಳಿಯುತ್ತಿಲ್ಲ. ನಿನ್ನನ್ನು ಎದುರಿಗೆ ಕೂರಿಸಿಕೊಂಡು ಬೈಯಬೇಕು. ಸೀತಮ್ಮ ಎನ್ನದೆ, ಊರಿಗೆಲ್ಲ ಕೇಳುವ ಹಾಗೆ, ನನ್ನ ಗಂಟಲು ಬೀಳುವವರೆಗೆ ಬೈಯಬೇಕು. ನೀನು ಎದ್ದು ಹೋಗಬಾರದು.

ಬಟ್ಟೆ ಹೆಚ್ಚಿಗೆ ತಾ. ಒಂದು ದಿನಕ್ಕೆ ಮುಗಿಯುವುದಿಲ್ಲ.

ಹೊನ್ನಿ